ನಿಲ್ಲಿಸಿಟ್ಟ ಫೋನು

ಶುಕ್ರವಾರದ ರೊಟ್ಟಿಯೂಟ ಮುಗಿಯುವುದರೊಳಗೆ ಸ್ನೇಹಾಳ ವಿಚಾರಣೆ ಮುಗಿದು ತೀರ್ಪೂ ಹೊರಬಿದ್ದಿತ್ತು. ನ್ಯಾಯಾಧೀಶನ ಸ್ಥಾನದಲ್ಲಿ ಆಕೆಯ ದೊಡ್ಡಪ್ಪ ಸಂಗಪ್ಪ ಕುಳಿತಿದ್ದ. ಸುಲೈಬಿಯಾದ ತರಕಾರಿ ಗೋದಾಮೊಂದರಲ್ಲಿ ಮೇಲ್ವಿಚಾರಕನಾಗಿದ್ದ ಆತ, ತಮ್ಮ ಅಮರೇಶನನ್ನು ವಿಜಯಪುರದಿಂದ ಕುವೈತಿಗೆ ಕರೆಸಿ ಶುವೈಖಿನ ಗ್ಯಾರೇಜಿನಲ್ಲಿ ಕ್ರೇನ್ ದುರಸ್ತಿಯ ಕೆಲಸ ಕೊಡಿಸಿದವನು. ಆ ಉಪಕಾರದ ಪ್ರತಿಫಲವಾಗಿ ಹವಲ್ಲಿಯ ಈ ಎರಡು ಕೋಣೆಗಳ ಮನೆಯಲ್ಲಿ ವಾರಕ್ಕೊಂದು ಊಟವನ್ನೂ ಪ್ರತಿಯೊಂದು ವಿಷಯದಲ್ಲಿ ಕೊನೆಯ ಮಾತನ್ನೂ ತನ್ನ ಹಕ್ಕೆಂದು ತಿಳಿದವನು.

ಆರೋಪಗಳು ಎರಡು. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಸ್ನೇಹಾ ಗಣಿತದಲ್ಲಿ ನಾಚಿಕೆಗೇಡಿನ ಅಂಕ ಪಡೆದಿದ್ದಳು. ಎರಡನೆಯದು ಇನ್ನೂ ವಿಚಿತ್ರ. ಆ ದಿನ ಬೆಳಗ್ಗೆ ಮಗಳನ್ನು ಎಬ್ಬಿಸಲು ಹೋದ ಅಮರೇಶನಿಗೆ, ಆಕೆಯ ದಿಂಬಿಗೆ ಒರಗಿಸಿಟ್ಟ ಫೋನಿನ ಪರದೆಯಲ್ಲಿ ಇನ್ನೊಬ್ಬ ಹುಡುಗಿ ನಿದ್ದೆ ಮಾಡುತ್ತಿರುವುದು ಕಂಡಿತ್ತು. ಆಕೆ ಶಮೀಲಾ, ಸ್ನೇಹಾಳ ಸಹಪಾಠಿ, ಫರ್ವಾನಿಯಾದಲ್ಲಿ ಮನೆ. ಇಡೀ ರಾತ್ರಿ ಕರೆ ಕಡಿದಿರಲಿಲ್ಲ.

"ಇಬ್ಬರೂ ಮಲಕೊಂಡಾರ, ಫೋನ್ ಎಚ್ಚರ ಐತಿ," ಎಂದು ಅಮರೇಶ ಅಣ್ಣನಿಗೆ ದೂರಿತ್ತ. "ಇದೆಂಥಾ ಹುಚ್ಚು, ಅಣ್ಣಾ?"

"ಹುಚ್ಚಲ್ಲೋ, ಚಟ. ಶೆರೆ ಇದ್ದಂಗ." ಸಂಗಪ್ಪ ಎಣಗಾಯಿಯ ಎಣ್ಣೆ ಹತ್ತಿದ ಬೆರಳಿನಿಂದಲೇ ತನ್ನ ಫೋನನ್ನು ತೆರೆದ. "ಅಮೇರಿಕಾದ ಡಾಕ್ಟರು ಹೇಳ್ಯಾರ, ಮೊಬೈಲ್ ಹಿಡಿದ ಹುಡುಗರ ಮಿದುಳು ಒಣಾ ಕೊಬ್ರಿ ಆಗತೈತಿ ಅಂತ. ತಡಿ, ಓದಿ ಹೇಳ್ತೀನಿ."

"ದೊಡ್ಡಪ್ಪಾ, ಅದನ್ನ ನೀವು ಫ್ಯಾಮಿಲಿ ಗ್ರೂಪಿನಾಗ ಬಾಳ ಸಲ ಹಾಕೀರಿ," ಎಂದಳು ಸ್ನೇಹಾ, ತಟ್ಟೆಯಿಂದ ತಲೆಯೆತ್ತದೆ. "ಎವ್ರಿ ಟೈಮ್ ಡಾಕ್ಟರ್ ಬ್ಯಾರೆ ದೇಶದಾಂವ ಇರ್ತಾನ."

ಸಂಗಪ್ಪನ ಮುಖ ಕೆಂಪಾಯಿತು. "ಕೇಳಿದೇನೋ ತಮ್ಮಾ? ಎದುರು ಮಾತು. ಇದಕ್ಕ ಒಂದ ಮದ್ದು. ಪರೀಕ್ಷಿ ಮುಗಿಯೂತನಾ ಇಕಿ ಕೈಯಾಗ ಫೋನ್ ಕಂಡ್ರ, ಪಿಯುಸಿಗೆ ಸೀದಾ ವಿಜಯಪುರದ ಹಾಸ್ಟೆಲ್. ನಮ್ಮ ಮನಿಯಾಕಿ, ನಿಮ್ಮ ವೈನಿ ಬಾಳಕ್ಕ, ಅಲ್ಲೇ ಅದಾಳ ನೋಡಕೊಳ್ಳಾಕ. ಆರು ತಿಂಗಳು ಹೊರಗಿದ್ರ ಇಕಾಮಾ, ಇಲ್ಲಿರೂ ಪರವಾನಗಿ, ಖಲಾಸ್. ಆಮ್ಯಾಗ ಅತ್ತು ಕರದ್ರೂ ಇಲ್ಲಿ ಬಾಗಲಾ ತೆರೆಯಂಗಿಲ್ಲ."

ಸ್ನೇಹಾಳ ಕೈಯಲ್ಲಿದ್ದ ರೊಟ್ಟಿಯ ತುಣುಕು ಅಲ್ಲೇ ನಿಂತಿತು. ಹುಟ್ಟಿದ್ದು, ಓದಿದ್ದು, ಗೆಳತಿಯರನ್ನು ಪಡೆದದ್ದು ಎಲ್ಲವೂ ಈ ಊರಿನಲ್ಲಿ. ವಿಜಯಪುರವೆಂದರೆ ಆಕೆಗೆ ರಜೆಯಲ್ಲಿ ಹೋಗಿ, ತನ್ನ ಕನ್ನಡಕ್ಕೆ ನೆಂಟರ ಮಕ್ಕಳು ನಗುವುದನ್ನು ಕೇಳಿ, ವಿಮಾನದ ದಿನಕ್ಕಾಗಿ ಕಾಯುವ ಸ್ಥಳ. "ಪಪ್ಪಾ, ಪ್ಲೀಸ್," ಎಂದಳು. ಅಮರೇಶ ಆಗಲೇ ಎದ್ದು ಮಗಳ ಫೋನನ್ನು ಕಿಸೆಗೆ ಹಾಕಿಕೊಂಡಿದ್ದ. ಅದು ನಾಳೆಯಿಂದ ಶುವೈಖಿನಲ್ಲಿ ಆತನ ಸ್ಪ್ಯಾನರುಗಳ ಪೆಟ್ಟಿಗೆಯಲ್ಲಿ ಮಲಗಲಿತ್ತು.

ತಾಯಿ ಶೀತಲ್ ತಟ್ಟೆಗಳನ್ನೆತ್ತಿಕೊಂಡು ಒಳಗೆ ಹೋದಳು.

ಮಕ್ಕಳು ಫೋನಿಗೆ ಅಂಟಿಕೊಂಡರೆಂದು ಊರೆಲ್ಲ ದೂರುವವರು, ಅಂಟನ್ನು ಹಚ್ಚಿದ ಕೈ ಯಾವುದೆಂದು ಒಮ್ಮೆಯೂ ಕೇಳುವುದಿಲ್ಲ. ಈ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟವೇನೂ ಆಗಿರಲಿಲ್ಲ.

ಸ್ನೇಹಾ ಎರಡನೆಯ ತರಗತಿಯಲ್ಲಿದ್ದಾಗ ಶೀತಲ್ ಸಾಲ್ಮಿಯಾದ ಖಾಸಗಿ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟಾಗಿ ಕೆಲಸಕ್ಕೆ ಸೇರಿದಳು. ಮಧ್ಯಾಹ್ನ ಶಾಲೆಯ ವ್ಯಾನು ಮಗುವನ್ನು ಕಟ್ಟಡದ ಬಾಗಿಲಲ್ಲಿ ಇಳಿಸಿ ಹೋಗುತ್ತಿತ್ತು. ತಂದೆತಾಯಿಗಳು ಬರುವುದು ಕತ್ತಲಾದ ಮೇಲೆ. ಪಕ್ಕದ ಮನೆಗಳಲ್ಲಿ ಯಾರಿದ್ದಾರೆಂದು ಯಾರಿಗೂ ತಿಳಿಯದು, ತಿಳಿಯುವ ಇಚ್ಛೆಯೂ ಇರಲಿಲ್ಲ. ಹೊರಗೆ ಆಡಲು ಕಳಿಸೋಣವೆಂದರೆ ವರ್ಷದ ಅರ್ಧ ಭಾಗ ಬೀದಿಯೇ ಕಾದ ಹಂಚು. ಉಳಿದರ್ಧದಲ್ಲಿ, ಮಗುವಿಗೇನಾದೀತೋ ಎಂಬ ಅಮರೇಶನ ಭಯ. ಮಗುವಿಗೊಬ್ಬ ಆಯಾಳನ್ನಿಡುವ ಖರ್ಚಿಗೆ ಮನಸ್ಸಾಗಲಿಲ್ಲ. ಆಗ ಅಮರೇಶ ಒಂದು ಫೋನು ತಂದು, ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿ ತೋರಿಸಿದ. "ಮನಿಗೆ ಬಂದ ಕೂಡಲೇ ಮಮ್ಮಿಗೆ ವಿಡಿಯೋ ಹಚ್ಚಿ ಫೋನ್ ನಿಂದ್ರಸು. ನಾವು ಬರೂತನಾ ಕಟ್ ಮಾಡಬ್ಯಾಡ."

ಅಂದಿನಿಂದ 'ನಿಂದ್ರಸೂದು' ಆ ಮನೆಯ ಸಂಪ್ರದಾಯವಾಯಿತು. ಇತರರ ಮನೆಗಳಲ್ಲಿ "ಉಂಡೇನವಾ?" ಎಂದು ಕೇಳುವ ಹೊತ್ತಿಗೆ ಇಲ್ಲಿ "ನಿಂದ್ರಸೀಯೇನವಾ?" ಎಂದು ಕೇಳುತ್ತಿದ್ದರು. ಮಗು ಖಾಲಿ ತಟ್ಟೆಯನ್ನು ಫೋನಿಗೆ ತೋರಿಸಿ ತೊಳೆಯುತ್ತಿತ್ತು. ಕಾಗುಣಿತವನ್ನು ಫೋನಿಗೆ ಒಪ್ಪಿಸುತ್ತಿತ್ತು. ನಿದ್ದೆ ಬಂದರೆ ಫೋನನ್ನು ದಿಂಬಿಗೆ ಒರಗಿಸಿ ಮಲಗುತ್ತಿತ್ತು. ಕ್ಲಿನಿಕ್ಕಿನಲ್ಲಿ ಶೀತಲ್ ತನ್ನ ಫೋನನ್ನು ತೆರೆದ ಡ್ರಾಯರಿನಲ್ಲಿಟ್ಟು, ರೋಗಿಗಳ ಹೆಸರು ಬರೆದುಕೊಳ್ಳುತ್ತ ನಡುನಡುವೆ ಇಣುಕುತ್ತಿದ್ದಳು. "ಮಮ್ಮೀ, ಅದೀಯೇನ?" ಎಂಬ ದನಿ ಡ್ರಾಯರಿನಿಂದ ಬರುವುದು, "ಹೂಂ" ಎಂದು ಈಕೆ ಹೇಳುವುದು, ಇಷ್ಟೇ ತಾಯ್ತನ, ಮಧ್ಯಾಹ್ನಗಳ ಮಟ್ಟಿಗೆ.

ಕೆಲಸ ಹೆಚ್ಚಾದಂತೆ "ಹೂಂ" ವಿರಳವಾಯಿತು. ಪರದೆಯ ತುಂಬ ಕ್ಲಿನಿಕ್ಕಿನ ಚಾವಣಿ ಮಾತ್ರ ಕಾಣುತ್ತಿತ್ತು. ಮಗು ಆ ಚಾವಣಿಯ ಮುಂದೆ ಕೆಲವು ವರ್ಷ ಒಬ್ಬಳೇ ಮಾತನಾಡಿತು. ಆಮೇಲೆ, ಬುದ್ಧಿಯಿರುವ ಯಾವ ಮಗುವಾದರೂ ಮಾಡುವಂತೆ, ಉತ್ತರ ಕೊಡುವವರನ್ನು ಹುಡುಕಿಕೊಂಡಿತು. ತರಗತಿಯ ಅರ್ಧ ಮಕ್ಕಳು ಹೀಗೆಯೇ ಬೀಗದೊಳಗೆ ಬೆಳೆಯುತ್ತಿದ್ದವರು. ಶಮೀಲಾಳ ತಂದೆಗೆ ಅಂಗಡಿ, ತಾಯಿಗೆ ಆಫೀಸು, ಆಕೆಗೊಂದು ಫೋನು. ಕಾಯುವ ಕಣ್ಣೊಂದು ಎದುರಿಗಿಲ್ಲದೆ ಉಣ್ಣಲು, ಓದಲು, ಮಲಗಲು ಬಾರದಂತೆ ಬೆಳೆಸಿದ ಮೇಲೆ, ಆ ಕಣ್ಣನ್ನು ಕಿತ್ತುಕೊಂಡು ಸ್ಪ್ಯಾನರುಗಳ ನಡುವೆ ಎಸೆದು ಚಿಕಿತ್ಸೆಯಾಯಿತೆಂದು ಹಿರಿಯರು ಕೈ ತೊಳೆದುಕೊಂಡರು.

ಫೋನಿಲ್ಲದ ಮನೆಯಲ್ಲಿ ಸ್ನೇಹಾ ಮೊದಲ ದಿನಗಳನ್ನು ಜ್ವರ ಬಂದವರಂತೆ ಕಳೆದಳು. ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದಳು. ಅನ್ನ ಬಡಿಸಿಕೊಂಡು ತಿನ್ನದೆ ಬಿಟ್ಟಳು. ಲೆಕ್ಕ ಸರಿಬಂದಾಗ ಖಾಲಿ ಕಟ್ಟೆಯತ್ತ ಪುಸ್ತಕ ಹಿಡಿದು, ನಾಚಿ ಕೆಳಗಿಳಿಸಿದಳು. ಕೊನೆಗೆ ಬಾಗಿಲು ತೆರೆದಿಟ್ಟು ಮೆಟ್ಟಿಲ ಮೇಲೆ ಕುಳಿತು ಓದತೊಡಗಿದಳು. ಕಟ್ಟಡದ ಕಾವಲುಗಾರ ನೆಲ ಒರೆಸುತ್ತ ಹೋಗುವಾಗ "ನಡಿ, ಓದು ಓದು" ಎಂಬರ್ಥದಲ್ಲಿ "ಯಲ್ಲಾ" ಎಂದು ಕೈ ಬೀಸುತ್ತಿದ್ದ. ಹಾಸ್ಟೆಲಿನ ಹೆದರಿಕೆ ಆಕೆಯನ್ನು ಹಿಡಿದು ನಿಲ್ಲಿಸಿತ್ತು. ಶಾಲೆಯಲ್ಲಿ ಶಮೀಲಾ ತನ್ನ ಫೋನನ್ನು ಕೊಡಹೋದಾಗಲೂ, "ಬೇಡಪ್ಪಾ, ನೋಡಿದ್ರೆ ಡಿಪೋರ್ಟ್ ಮಾಡ್ತಾರೆ ನನ್ನ," ಎಂದು ಕೈ ಹಿಂದಕ್ಕೆಳೆದುಕೊಂಡಳು.

ಮೊದಲು ಸೋತವಳು ಮಗಳಲ್ಲ, ತಾಯಿ.

ಡ್ರಾಯರಿನಲ್ಲಿ ಕಪ್ಪಾಗಿ ಬಿದ್ದ ಪರದೆಯನ್ನು ನೋಡಿದಾಗಲೆಲ್ಲ ಶೀತಲ್‌ಗೆ ಕೈಯಲ್ಲಿದ್ದ ಕೆಲಸ ಮರೆತುಹೋಗುತ್ತಿತ್ತು. ಮಗಳು ವ್ಯಾನಿನಿಂದ ಇಳಿದಳೋ, ಬಾಗಿಲು ಹಾಕಿಕೊಂಡಳೋ, ಗ್ಯಾಸ್ ಆರಿಸಿದಳೋ ತಿಳಿಯುವ ದಾರಿಯೇ ಇಲ್ಲ. ಒಬ್ಬ ರೋಗಿಯ ಹೆಸರಿನಲ್ಲಿ ಇನ್ನೊಬ್ಬನಿಗೆ ಸಮಯ ಬರೆದುಕೊಟ್ಟು ವೈದ್ಯರಿಂದ ಎಲ್ಲರೆದುರು ಬೈಸಿಕೊಂಡಳು. ಅಂದೇ ಮನೆಗೆ ಬರುವಾಗ, ತಮ್ಮ ಕಟ್ಟಡದ ಕೆಳಗಿದ್ದ ಕಾಸಿಂ ಕುಂಞಿಯ ಮೊಬೈಲ್ ಅಂಗಡಿಯನ್ನು ಹೊಕ್ಕಳು.

"ಎಂತ ಅಕ್ಕ, ಮಗಳಿಗಾ?" ಎಂದ ಉಳ್ಳಾಲದ ಕಾಸಿಂ ಕುಂಞಿ.

"ಹಳೇದು ಯಾವುದರ ಇದ್ರ ಕೊಡ್ರಿ. ಹೆಚ್ಚಿಂದು ಬ್ಯಾಡ."

"ಹಳೇದು ಬೇಕಾದಷ್ಟು ಉಂಟು. ಮಾತಾಡ್ಲಿಕ್ಕೆ ಬೇಕಾದ್ದಾ, ನೋಡ್ಲಿಕ್ಕೆ ಬೇಕಾದ್ದಾ?"

"ನೋಡಾಕ."

"ಹಾಗಾದ್ರೆ ಕ್ಯಾಮೆರಾ ಒಳ್ಳೇದಿರುವುದು ಕೊಡ್ತೇನೆ." ಆತ ಗಾಜಿನ ಕಪಾಟಿನಿಂದ ಒಂದನ್ನು ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಗಂಡಸರು ಕೋಪದಲ್ಲಿ ಕಸಿದು ಒಡೀತಾರೆ, ಹೆಂಗಸರು ಬಂದು ಪುನಃ ತಗೊಳ್ತಾರೆ. ಅಲ್ಲಾಹನ ದಯೆ, ಈ ಬೀದಿಯಲ್ಲಿ ನನ್ನ ವ್ಯಾಪಾರ ನಿಲ್ಲುದಿಲ್ಲ."

ಆ ಫೋನನ್ನು ಕಂಡು ಸ್ನೇಹಾ ಹಾವು ಕಂಡವಳಂತೆ ಸರಿದಳು.

"ನೋ, ಮಮ್ಮಿ. ಪಪ್ಪಾ ನೋಡಿದ್ರ?"

"ಯಾಕ ನೋಡ್ತಾರ? ಅವರು ಬರೂ ಹೊತ್ತಿಗೆ ನಾ ಬಂದಿರ್ತೀನಿ. ನನಗ ಒಬ್ಬಾಕಿಗೇ ಹಚ್ಚು, ನಿಂದ್ರಸು, ಓದು. ಮತ್ತೇನೂ ಬ್ಯಾಡ."

"ಸಿಕ್ಕ್ರ ನನ್ನ ಕಳಸ್ತಾರ. ನಿನ್ನ ಅಲ್ಲ."

"ಸಿಕ್ಕ್ರ ನಾ ಕೊಟ್ಟೀನಂತ ಹೇಳ್ತೀನಿ. ಆಣಿ ಮಾಡ್ಲೇನು?" ಶೀತಲ್ ಮಗಳ ತಲೆಯ ಮೇಲೆ ಕೈಯಿಟ್ಟಳು. "ನಿನ್ನ ಮ್ಯಾಲ ಒಂದು ಮಾತು ಬರಾಕ ಬಿಡಂಗಿಲ್ಲ."

ಆಣೆಯೆಂಬುದು ಹೆದರಿದವರ ಬಾಯಿಂದ ಬಹು ಸುಲಭವಾಗಿ ಬರುತ್ತದೆ. ಸ್ನೇಹಾ ನಂಬಿದಳು. ಮರುದಿನ ಫೋನು ಡಬ್ಬಿಗೆ ಒರಗಿ ನಿಂತಿತು. ತಾಯಿಯ ಮುಖ ಅದರಲ್ಲಿ ಮೂಡಿತು. ಹುಡುಗಿ ಹಸಿವಾದವಳಂತೆ ಉಂಡಳು. ಮೆಟ್ಟಿಲ ಮೇಲಿನ ಓದು ಅಲ್ಲಿಗೆ ಮುಗಿಯಿತು.

ಪರೀಕ್ಷೆ ಸಮೀಪಿಸಿದ ಒಂದು ಮಧ್ಯಾಹ್ನ ಧೂಳು ಎದ್ದಿತು. ಎದುರಿನ ಕಟ್ಟಡ ಕೆಂಪು ಮಬ್ಬಿನಲ್ಲಿ ಕರಗಿತು. ಇಂತಹ ಗಾಳಿಯಲ್ಲಿ ಕ್ರೇನಿನ ತೋಳು ಬಿಚ್ಚುವಂತಿಲ್ಲ. ಶುವೈಖಿನ ಗ್ಯಾರೇಜಿನಲ್ಲಿ ಕೆಲಸ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದರು.

ಸ್ನೇಹಾ ತ್ರಿಕೋನಮಿತಿಯ ಲೆಕ್ಕವೊಂದನ್ನು ಬಿಡಿಸಿ ಪುಸ್ತಕವನ್ನು ಫೋನಿನೆದುರು ಹಿಡಿದಿದ್ದಳು. ಆ ಹೊತ್ತಿಗೆ ರೋಗಿಗಳಿಲ್ಲದ ಕಾರಣ ಶೀತಲ್ ಫೋನನ್ನು ಕೈಯಲ್ಲೇ ಹಿಡಿದು ನೋಡುತ್ತಿದ್ದಳು. "ಶಾಣ್ಯಾಕಿ. ಇನ್ನೊಂದು ಮಾಡು," ಎಂದಳು. ಆಗ ಬಾಗಿಲಲ್ಲಿ ಕೀಲಿಕೈ ತಿರುಗಿ, ಅಮರೇಶನ ದನಿ ಮನೆಯೊಳಗೆ ಮೊಳಗಿತು: "ಸ್ನೇಹಾ, ಕಿಟಕಿ ಹಾಕೀಯೇನ? ಮನಿತುಂಬಾ ಧೂಳಾತು!"

ಆ ದನಿ ಸಾಲ್ಮಿಯಾದವರೆಗೂ ಮುಟ್ಟಿತು. ಪರದೆಯಲ್ಲಿ ತಾಯಿಯ ಕಣ್ಣು ಅಗಲವಾದದ್ದನ್ನು ಮಗಳು ಕಂಡಳು. "ಮಮ್ಮೀ," ಎಂದು ಪಿಸುಗುಟ್ಟಿದಳು, "ಇರು, ಪಪ್ಪಾಗ ಹೇಳು." ಶೀತಲ್‌ಳ ಹೆಬ್ಬೆರಳು ಮೇಲೆದ್ದು ಪರದೆಯ ತುಂಬ ದೊಡ್ಡದಾಯಿತು. ಮರುಕ್ಷಣ ಅಲ್ಲಿ ಏನೂ ಇರಲಿಲ್ಲ.

ಅಮರೇಶ ಅಡುಗೆಮನೆಯ ಬಾಗಿಲಿಗೆ ಬಂದಾಗ ಮಗಳು ಕಪ್ಪು ಗಾಜಿನೆದುರು ಪುಸ್ತಕ ಹಿಡಿದು ನಿಂತೇ ಇದ್ದಳು. ಫೋನನ್ನು ಬಚ್ಚಿಡುವ ಯೋಚನೆಯೂ ಆಕೆಗೆ ಬಂದಿರಲಿಲ್ಲ.

ಧೂಳನ್ನು ಲೆಕ್ಕಿಸದೆ ಸಂಗಪ್ಪ ಸುಲೈಬಿಯಾದಿಂದ ಬಂದ. ಶೀತಲ್ ಡ್ಯೂಟಿ ಮುಗಿಸಿ ಒಳಗೆ ಕಾಲಿಡುವಾಗ ಸಭೆ ಸೇರಿಯಾಗಿತ್ತು. ಕೊರಳಲ್ಲಿ ಕ್ಲಿನಿಕ್ಕಿನ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು. ಮೇಜಿನ ಮೇಲೆ ಆ ಹಳೆಯ ಫೋನು ಬಿದ್ದಿತ್ತು. ಅದರ ಬೀಗದ ಸಂಖ್ಯೆಯನ್ನು ಸ್ನೇಹಾ ಹೇಳಿರಲಿಲ್ಲ.

"ಯಾರು ಕೊಟ್ರು?" ಎಂದು ಅಮರೇಶ ಕೇಳುತ್ತಿದ್ದ. ಕೇಳಿ ಕೇಳಿ ಆತನ ದನಿ ಒಡೆದಿತ್ತು.

"ಹಂಗ ಕೇಳಿದ್ರ ಹೇಳ್ತಾಳೇನೋ?" ಸಂಗಪ್ಪ ಮುಂದಕ್ಕೆ ಬಾಗಿದ. "ಯಾವನವಾ? ಕ್ಲಾಸಿನಾಂವೋ, ಈ ಬಿಲ್ಡಿಂಗಿನಾಂವೋ? ಬಿಟ್ಟಿ ಫೋನ್ ಕೊಡೂ ಗಂಡಸು ಸುಮ್ಮನ ಕೊಡಂಗಿಲ್ಲ. ಹೆಸರು ಹೇಳು, ಉಳಿದದ್ದು ನಾ ನೋಡಕೊಂತೀನಿ."

ಸ್ನೇಹಾ ಬಾಗಿಲ ಕಡೆ ನೋಡಿದಳು. ಅಲ್ಲಿ ತಾಯಿ ನಿಂತಿದ್ದಳು. ಹುಡುಗಿಯ ಮುಖದಲ್ಲಿ ಒಂದು ಬಗೆಯ ಸಮಾಧಾನವೇ ಮೂಡಿತು.

"ಶೀತಲ್, ನಿನಗೇನರ ಗೊತ್ತೈತೇನು?" ಎಂದ ಅಮರೇಶ.

ಶೀತಲ್ ಗಂಡನನ್ನು ನೋಡಿದಳು, ಭಾವನನ್ನು ನೋಡಿದಳು, ಮಗಳನ್ನು ನೋಡಲಿಲ್ಲ. "ನಾ ಡ್ಯೂಟಿಯೊಳಗ ಇದ್ದೆ," ಎಂದಳು. "ನನಗೇನ ಗೊತ್ತ್ರಿ."

ಸುಳ್ಳು ಹೇಳಿ ರೂಢಿಯಿಲ್ಲದ ಹೆಂಗಸು ಆಕೆ. ಆದುದರಿಂದಲೇ ಅದು ನಿಜದಂತೆ ಕೇಳಿಸಿತು. ಅಮರೇಶ ಎದ್ದು ಮಗಳ ಕೆನ್ನೆಗೆ ಹೊಡೆದ. ಹೊಡೆತದ ಸದ್ದಿಗೆ ಶೀತಲ್ ಕಣ್ಣು ಮುಚ್ಚಿ ಗುರುತಿನ ಚೀಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಾಯಿ ತೆರೆಯಲಿಲ್ಲ.

ಸ್ನೇಹಾ ಅಳಲಿಲ್ಲ. ಕೆನ್ನೆಯನ್ನು ಮುಟ್ಟಿಕೊಳ್ಳಲೂ ಇಲ್ಲ. ಆಕೆ ತಾಯಿಯನ್ನು ಬಹಳ ಹೊತ್ತು ನೋಡಿ, ಆಮೇಲೆ ಸಂಗಪ್ಪನ ಕಡೆ ತಿರುಗಿದಳು.

"ದೊಡ್ಡಪ್ಪಾ, ಆ ಹಾಸ್ಟೆಲಿನಾಗ ಫೋನ್ ಅಲೌಡ್ ಇಲ್ಲಲ್ಲ?"

"ಇಲ್ಲ. ಐತವಾರಕ್ಕೊಮ್ಮೆ ವಾರ್ಡನ್ ಫೋನಿನಾಗ ಮಾತು."

"ವಿಡಿಯೋ?"

"ವಿಡಿಯೋ ಇಲ್ಲ, ಗಿಡಿಯೋ ಇಲ್ಲ. ಬರೇ ಮಾತು."

"ಗುಡ್," ಎಂದಳು ಸ್ನೇಹಾ. "ಟಿಕೆಟ್ ತಗೀರಿ. ನಾ ಹೋಗ್ತೀನಿ."

ಶಿಕ್ಷೆಯನ್ನು ಬೇಡಿ ಪಡೆಯುವ ಅಪರಾಧಿಯನ್ನು ಸಂಗಪ್ಪ ಕಂಡಿರಲಿಲ್ಲ. ಆತ ತಮ್ಮನ ಮುಖ ನೋಡಿದ. ಅಷ್ಟರಲ್ಲಿ ಬಾಗಿಲ ಬಳಿಯಿಂದ ಒಂದು ದನಿ ಬಂದಿತು. ಅದು ಶೀತಲ್‌ಳದೆಂದು ಗುರುತಿಸುವುದು ಕಷ್ಟವಾಗಿತ್ತು.

"ಬ್ಯಾಡ. ನಾ ಕೊಟ್ಟೀನ್ರಿ. ಕೆಳಗ ಕಾಸಿಂ ಕುಂಞಿ ಅಂಗಡಿಯಾಗ ನಾನ ತಂದೀನಿ."

"ಏನಂದಿ?" ಅಮರೇಶ ಹೆಂಡತಿಯತ್ತ ನಡೆದ. "ಈಗ ಕೇಳಿದಾಗ ಬಾಯಾಗ ಏನಿತ್ತು? ನಿನ್ನ ಕಣ್ಣೆದುರಿಗೆ ಹೊಡದ್ನಲ್ಲ ಆಕಿನ್ನ!"

"ಹೆದರಿದೆ."

"ತಂದಿದ್ಯಾಕ? ಮಗಳ ಚಟ ಬಿಡಸಾಕ ನಾ ಒದ್ದಾಡೂದು, ನೀ ಹಿಂದಿನ ಬಾಗಲಿಂದ ಶೆರೆ ತಂದು ಕುಡಸೂದು!"

"ಆಕಿ ಬಿಟ್ಟಿದ್ಲ್ರಿ," ಎಂದಳು ಶೀತಲ್. "ನನಗ ಬಿಡಾಕ ಆಗಲಿಲ್ಲ. ಆಕಿ ಮಾರಿ ಕಾಣಲಿಲ್ಲಂದ್ರ ನನ್ನ ಕೈ ಆಡಂಗಿಲ್ಲ. ಅಲ್ಲಿಗೆ ಕಳಿಸಿದ್ರ ನಾ ಹೆಂಗ ನೋಡ್ಲಿ?"

ಈ ಮಾತಿನಲ್ಲಿದ್ದ ನಾಚಿಕೆಗೇಡನ್ನು ಆಡಿದವಳು ಅರಿಯಲಿಲ್ಲ; ಕೇಳಿದ ಮೂವರಲ್ಲಿ ಮಗಳೊಬ್ಬಳೇ ಅರಿತಳು. ಮಗಳ ಮೇಲೆ ಬಂದ ಕೊಳಕು ಮಾತಿಗೂ, ಕೆನ್ನೆಗೆ ಬಿದ್ದ ಪೆಟ್ಟಿಗೂ ತೆರೆಯದ ಬಾಯಿ, ಇನ್ನು ಮುಂದೆ ನೋಡಲು ಸಿಗುವುದಿಲ್ಲವೆಂದಾಗ ತೆರೆದಿತ್ತು.

ಸಂಗಪ್ಪ ಕೆಮ್ಮಿ, ಕುರ್ಚಿಯಲ್ಲಿ ಹಿಂದಕ್ಕೆ ಸರಿದ. "ಆತು ಬಿಡು. ತಾಯಿಗೇ ಚಟ ಹತ್ತಿದ ಮ್ಯಾಲ ಏನ ಹೇಳೂದು. ಮನಿ ಮಾತು ಮನ್ಯಾಗ ಇರಲಿ. ಹುಡುಗಿದು ತಪ್ಪಿಲ್ಲಂತಾತು. ಟಿಕೆಟ್ ಬ್ಯಾಡ."

"ಬೇಕು," ಎಂದಳು ಸ್ನೇಹಾ.

"ನಿಂದು ತಪ್ಪಿಲ್ಲಂತ ಗೊತ್ತಾತಲ್ಲವಾ," ಎಂದ ಅಮರೇಶ. ಹೊಡೆದ ಕೈಯನ್ನು ಎಲ್ಲಿಡಬೇಕೆಂದು ಆತನಿಗೆ ತಿಳಿಯುತ್ತಿರಲಿಲ್ಲ.

"ದೊಡ್ಡಪ್ಪಾ ಯಾವನೋ ಕೊಟ್ಟಾನ ಅಂದ್ರು. ನೀವು 'ನನ್ನ ಮಗಳು ಅಂಥಾಕಿ ಅಲ್ಲ' ಅಂದ್ರೇನು ಪಪ್ಪಾ? ನಾ ಕಾಯಾಕತ್ತಿದ್ದೆ."

ಅಮರೇಶ ಅಣ್ಣನ ಕಡೆ ನೋಡಿದ.

"ಎಲ್ಲಾರೂ ನೋಡ್ತೀರಿ ನನ್ನ. ಸಣ್ಣಾಕಿದ್ದಾಗಿಂದ ನೋಡೇ ನೋಡ್ತೀರಿ. ಒಬ್ಬರಿಗೂ ನಾ ಏನಂತ ಗೊತ್ತಿಲ್ಲ." ಆಕೆ ಮೇಜಿನ ಮೇಲಿದ್ದ ಫೋನನ್ನೆತ್ತಿ, ತಾಯಿಯ ಕೈಗೆ ಕೊಡದೆ, ದೊಡ್ಡಪ್ಪನ ತೊಡೆಯ ಮೇಲೆ ಇಟ್ಟಳು. "ತಗೀರಿ ದೊಡ್ಡಪ್ಪಾ. ಇದರ ಕ್ಯಾಮೆರಾ ಚೊಲೋ ಐತಿ. ಗ್ರೂಪಿಗೆ ಹಾಕೂ ಗುಡ್ ಮಾರ್ನಿಂಗ್ ಹೂವಿನ ಫೋಟೋ ತೆಗಿಯಾಕ."

ಇನ್ನೊಂದು ದಿನವಾಗಿದ್ದರೆ ಆ ಮಾತಿಗೆ ಮನೆ ಹಾರಿಹೋಗುವಂತೆ ಗದರಿಸುತ್ತಿದ್ದ ಸಂಗಪ್ಪ, ಈ ದಿನ ಫೋನನ್ನು ತಿರುವಿ ಮುರುವಿ ನೋಡುತ್ತ ಕುಳಿತ.

ಅಮರೇಶ ತನ್ನ ಫೋನನ್ನು ತೆಗೆದ. ಬೇಡವೆಂದು ತಡೆದರೆ ಮಗಳ ಆ ಪ್ರಶ್ನೆ ದಿನವೂ ಇದೇ ಮನೆಯಲ್ಲಿ ಎದುರು ಕುಳಿತಿರುತ್ತಿತ್ತು. ಪರೀಕ್ಷೆ ಮುಗಿದ ಮರುವಾರಕ್ಕೆ, ಊರಿನ ದಾರಿಯ ಹೈದರಾಬಾದಿನ ವಿಮಾನವನ್ನು ಆತ ಹುಡುಕತೊಡಗಿದ. "ಕಿಟಕಿ ಸೀಟು ಬೇಕೇನವಾ?" ಎಂದು ಕೇಳಿದ. "ಯಾವುದಾದ್ರೂ ನಡೀತೈತಿ," ಎಂದು ಸ್ನೇಹಾ ಗಣಿತದ ಪುಸ್ತಕವನ್ನು ಬಗಲಿಗಿಟ್ಟುಕೊಂಡು ಕೋಣೆಯ ಕಡೆ ನಡೆದಳು.

ಶೀತಲ್ ಅಡ್ಡ ಬಂದು ಮಗಳ ತೋಳು ಹಿಡಿದಳು. "ಒಬ್ಬಾಕಿ ಮಲಗಿ ರೂಢಿ ಇಲ್ಲ ನಿನಗ. ಅಲ್ಲಿ ರಾತ್ರಿ ಅಂಜಿಕಿ ಬಂದ್ರ ಯಾರನ್ನ ಕರೀತಿ?"

ಸ್ನೇಹಾ ತೋಳು ಬಿಡಿಸಿಕೊಂಡಳು.

"ಗೊತ್ತಿಲ್ಲ," ಎಂದಳು. "ನಿನ್ನಂತೂ ಅಲ್ಲ."